ಮಧುಗಿರಿ ಸೀಮೆಯ ಬೆಳೆಯ ಶೇಷವೂ ನಾರಿನ ಕೈಗಾರಿಕೆಯೂ

ಕಾಳು ಕಣಜಕ್ಕೂ ಕಾಯಿ ಮಂಡಿಗೂ ಹೋದಮೇಲೆ ಹೊಲತೋಟಗಳಲ್ಲಿ ಉಳಿಯುವ ಹುಲ್ಲು, ದಂಟು, ಸಿಪ್ಪೆ, ಮಟ್ಟೆಗಳಿಂದ ಬಟ್ಟೆಗೆ ಯೋಗ್ಯವಾದ ನಾರನ್ನು ತೆಗೆಯಬಹುದೆಂಬ ಮಾತು ಈಚಿನ ವರ್ಷಗಳಲ್ಲಿ ಜವಳಿ ಕೈಗಾರಿಕೆಯವರಲ್ಲಿಯೂ ಸರ್ಕಾರದ ಇಲಾಖೆಗಳಲ್ಲಿಯೂ ಕೇಳಿಬರುತ್ತಿದೆ. ಹತ್ತಿಯ ಬೆಳೆಗೆ ನೀರೂ ಕೀಟನಾಶಕವೂ ಬಹಳವಾಗಿ ಬೇಕು. ಮರದ ತಿರುಳಿನಿಂದ ಮಾಡುವ ಕೃತಕ ರೇಷ್ಮೆಗೆ ನೆಡುತೋಪು ಬೇಕು. ಕಲ್ಲೆಣ್ಣೆಯಿಂದ ಹುಟ್ಟುವ ಪಾಲಿಯೆಸ್ಟರ್ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಹೀಗಿರಲಾಗಿ, ರೈತನು ಹೇಗೂ ಬೆಳೆಯುವ ಬೆಳೆಯ ಶೇಷದಿಂದಲೇ ನಾರು ದೊರೆಯುವುದಾದರೆ ಅದಕ್ಕಿಂತ ಒಳ್ಳೆಯ ಉಪಾಯ ಮತ್ತಾವುದಿದ್ದೀತೆಂದು ಯಾರಿಗಾದರೂ ತೋರುವುದು ಸಹಜ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಈ ಮಾತಿಗೆ ಎಷ್ಟು ಬೆಲೆಯುಂಟು, ಯಾವ ಕರಾರಿನ ಮೇಲೆ ಇದನ್ನು ಒಪ್ಪಬಹುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ಯುಕ್ತ. ಎಲ್ಲ ಸಸ್ಯಗಳ ಮೈಕಟ್ಟೂ ಸೆಲ್ಯುಲೋಸ್ ಎಂಬ ದ್ರವ್ಯದಿಂದಲೇ ಆದುದು. ಹತ್ತಿಯ ಅರಳೆಯಲ್ಲಿ ಇದು ನೂರಕ್ಕೆ ತೊಂಬತ್ತರಷ್ಟು ಇರುತ್ತದೆ. ಮರದಲ್ಲಿ ನೂರಕ್ಕೆ ನಲವತ್ತರಿಂದ ಐವತ್ತು, ಹುಲ್ಲು ದಂಟುಗಳಲ್ಲಿ ಮೂವತ್ತೈದರಿಂದ ನಲವತ್ತರ ಆಸುಪಾಸು. ಉಳಿದ ಭಾಗದಲ್ಲಿ ಮುಖ್ಯವಾದುದು ಲಿಗ್ನಿನ್ ಎಂಬ ಅಂಟು; ಕಾಂಡಕ್ಕೆ ಗಟ್ಟಿತನವನ್ನು ಕೊಡುವುದು ಅದೇ. ಶೇಷದಿಂದ ನಾರನ್ನು ಪಡೆಯಲು ಎರಡು ದಾರಿಗಳುಂಟು. ಒಂದನೆಯದು, ಸಸ್ಯದಲ್ಲಿರುವ ನಾರನ್ನು ಇದ್ದಂತೆಯೇ ಬಡಿದೋ ಕೊಳೆಯಿಸಿಯೋ ಬಿಡಿಸಿಕೊಳ್ಳುವುದು. ನಮ್ಮ ಹಳ್ಳಿಯವರು ಕತ್ತಾಳೆ, ಪುಂಡಿ, ಸಣಬುಗಳಿಂದ ಹಗ್ಗ ಹೊಸೆದು ಗೋಣಿ ನೇದದ್ದು ಈ ದಾರಿಯಿಂದಲೇ. ಎರಡನೆಯದು, ಶೇಷವನ್ನು ಕ್ಷಾರದಲ್ಲಿ ಬೇಯಿಸಿ ಲಿಗ್ನಿನ್ನನ್ನು ಕಳೆದು, ನೂರಕ್ಕೆ ತೊಂಬತ್ತಕ್ಕೂ ಮೀರಿದ ಶುದ್ಧ ಸೆಲ್ಯುಲೋಸಿನ ತಿರುಳನ್ನು ಮಾಡಿ, ಅದನ್ನು ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಎಳೆಯಾಗಿ ಹರಿಸುವುದು. ೧೮೯೨ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಕಂಡುಹಿಡಿದ ವಿಸ್ಕೋಸ್ ವಿಧಾನವು ಈ ಬಗೆಯದು. ಇಂದು ಜಗತ್ತಿನಲ್ಲಿ ತಯಾರಾಗುವ ಎಲ್ಲ ನಾರಿನಲ್ಲಿ ಸುಮಾರು ನೂರಕ್ಕೆ ಆರರಷ್ಟು ಇಂತಹ ಕರಗಿಸಿ ನೂತ ಸೆಲ್ಯುಲೋಸ್ ನಾರಾಗಿದೆ. ಅದರ ಬಹುಭಾಗಕ್ಕೆ ಮೂಲದ್ರವ್ಯ ಮರವೇ.

ಈ ಎರಡು ದಾರಿಗಳನ್ನೂ ಒಂದೇ ಎಂಬಂತೆ ಮಾತನಾಡುವುದರಿಂದಲೇ ಬಹಳ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಮೊದಲನೆಯದಕ್ಕೆ ಬೇಕಾದುದು ಯಂತ್ರ, ಬಿಸಿಲು ಮತ್ತು ಕೈಗೆಲಸ. ಎರಡನೆಯದಕ್ಕೆ ಬೇಕಾದುದು ನೀರು, ರಾಸಾಯನಿಕ ಮತ್ತು ದೊಡ್ಡ ಬಂಡವಾಳ. ನಾಲ್ಕು ತಾಲ್ಲೂಕುಗಳಲ್ಲಿ ಏನುಂಟು, ಏನಿಲ್ಲ ಎಂಬುದರ ಮೇಲೆ ಯಾವ ದಾರಿ ನಮ್ಮದೆಂಬುದು ನಿರ್ಧಾರವಾಗಬೇಕು.

ಇನ್ನು ಶೇಷದ ಲೆಕ್ಕಕ್ಕೆ ಬರೋಣ. ಉತ್ತರ ದೇಶದ ಪಂಜಾಬು, ಹರಿಯಾಣಗಳಲ್ಲಿ ರೈತರು ಭತ್ತದ ಕೂಳೆಯನ್ನು ಹೊಲದಲ್ಲಿಯೇ ಸುಡುವುದೂ, ಆ ಹೊಗೆ ದೆಹಲಿಯವರೆಗೆ ಕವಿಯುವುದೂ ಎಲ್ಲರಿಗೂ ತಿಳಿದ ಸಂಗತಿ. ಅಲ್ಲಿಯ ಹುಲ್ಲಿಗೆ ಬೇರೆ ಉಪಯೋಗವನ್ನು ಹುಡುಕುವುದು ಅಗತ್ಯವೇ ಸರಿ. ಆದರೆ ಆ ನಾಡಿಗೆಂದು ಬರೆದ ಯೋಜನೆಯನ್ನು ಹಾಗೆಯೇ ತಂದು ಸಿರಾ, ಪಾವಗಡಗಳಲ್ಲಿ ಇಡುವುದು ಅವಿವೇಕ. ನಮ್ಮಲ್ಲಿ ರಾಗಿ ಹುಲ್ಲನ್ನು ಸುಡುವ ರೈತನಿಲ್ಲ. ಅವನು ಅದನ್ನು ಮೆದೆ ಒಟ್ಟಿ, ಮುಂದಿನ ಮಳೆ ಕೈಕೊಟ್ಟರೂ ದನಗಳು ಬದುಕಲೆಂದು ವರ್ಷಗಟ್ಟಲೆ ಕಾಪಾಡುತ್ತಾನೆ. ಕಡಲೆಕಾಯಿಯ ಬಳ್ಳಿ, ಮುಸುಕಿನ ಜೋಳದ ದಂಟು, ಹುರುಳಿಯ ಹೊಟ್ಟು ಎಲ್ಲವೂ ಕೊಟ್ಟಿಗೆಗೇ ಹೋಗುತ್ತವೆ. ಖುಷ್ಕಿ ಬೇಸಾಯದಲ್ಲಿ ಕಾಳು ಕೆಟ್ಟ ವರ್ಷವೂ ಹಾಲಿನಿಂದಲೋ ಕುರಿಗಳಿಂದಲೋ ಸಂಸಾರ ನಡೆಯುವುದುಂಟು. ಆ ಜೀವನಕ್ಕೆ ಆಧಾರ ಈ ಒಣಮೇವು. ಇದನ್ನು ತ್ಯಾಜ್ಯವೆಂದು ಕರೆಯುವವರು ನಮ್ಮ ಹಳ್ಳಿಯ ಹಿತ್ತಿಲನ್ನು ನೋಡಿದವರಲ್ಲ.

ಒಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಒಂದು ದೊಡ್ಡ ದನಕ್ಕೆ ದಿನವೊಂದಕ್ಕೆ ೫ರಿಂದ ೬ ಕಿಲೋ ಒಣಮೇವು ಬೇಕೆಂದಿಟ್ಟುಕೊಳ್ಳೋಣ. ದಿನಕ್ಕೆ ೧೦೦ ಟನ್ ಹುಲ್ಲನ್ನು ನುಂಗುವ ಒಂದು ಕಾರ್ಖಾನೆ ಬಂದರೆ ಅದು ತೆಗೆದುಕೊಳ್ಳುವುದು ೧೬ ಸಾವಿರಕ್ಕೂ ಹೆಚ್ಚು ದನಗಳ ದಿನದ ಮೇವನ್ನು. ಮೂರು ಟನ್ ಹುಲ್ಲಿನಿಂದ ಒಂದು ಟನ್ ಶುದ್ಧ ತಿರುಳು ಬಂದರೆ ಅದೇ ಹೆಚ್ಚು. ಆದುದರಿಂದ ತಿರುಳಿನ ಕಾರ್ಖಾನೆಗಳಲ್ಲಿ ೧೦೦ ಟನ್ನಿನದು ಬಹಳ ದೊಡ್ಡದೆಂದೂ ಹೇಳಲಾಗದು. ೨೦೨೩ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರ್ಕಾರವು ಸಾರಬೇಕಾಯಿತು. ಅಂತಹ ವರ್ಷದಲ್ಲಿ ಕಾರ್ಖಾನೆಯ ಗುತ್ತಿಗೆದಾರನೂ ಹಸುವನ್ನು ಸಾಕುವ ವಿಧವೆಯೂ ಒಂದೇ ಮೆದೆಯ ಮುಂದೆ ಬೆಲೆ ಕೂಗಿದರೆ ಯಾರ ಕೈ ಮೇಲಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ಆದಕಾರಣ ರಾಗಿ ಹುಲ್ಲು, ಕಡಲೆ ಬಳ್ಳಿ ಮೊದಲಾದ ಮೇವಿನ ವಸ್ತುಗಳನ್ನು ಈ ಲೆಕ್ಕದಿಂದ ಮೊದಲೇ ಹೊರಗಿಡಬೇಕು.

ಹಾಗಾದರೆ ಉಳಿಯುವುದೇನು? ಉಳಿಯುವುದು ಅಲ್ಪವೇನೂ ಅಲ್ಲ. ಕೊಳವೆ ಬಾವಿಗಳನ್ನು ನೆಚ್ಚಿಕೊಂಡು ಸಿರಾ, ಮಧುಗಿರಿ, ಕೊರಟಗೆರೆಗಳಲ್ಲಿ ಅಡಕೆಯ ತೋಟಗಳು ಹಬ್ಬಿವೆ. ಅಡಕೆಯ ಹಣ್ಣಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸಿಪ್ಪೆ. ದನ ತಿನ್ನದ, ಬೇಗ ಕೊಳೆಯದ ಈ ಸಿಪ್ಪೆಯನ್ನು ಸುಲಿಗೆಯ ಕಾಲದಲ್ಲಿ ರಸ್ತೆಯ ಮಗ್ಗುಲಿಗೆ ಸುರಿದು ಬೆಂಕಿಯಿಡುವುದು ದಾರಿಹೋಕರೆಲ್ಲರೂ ಕಾಣುವ ನೋಟ. ಇದರಲ್ಲಿ ಒರಟೂ ನಯವೂ ಬೆರೆತ ಗಿಡ್ಡ ನಾರುಂಟು. ಮೆತ್ತೆ, ಹಲಗೆ, ಒತ್ತುಬಟ್ಟೆಗಳಿಗೆ ಅದು ಸಲ್ಲುತ್ತದೆ. ತೆಂಗಿನ ಮಟ್ಟೆಯ ಮಾತು ಇನ್ನೂ ಸ್ಪಷ್ಟ. ಮಟ್ಟೆಯ ತೂಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ನಾರು, ಉಳಿದುದು ಪುಡಿ. ಈ ನಾರಿನಲ್ಲಿ ಲಿಗ್ನಿನ್ ಸೆಲ್ಯುಲೋಸಿನಷ್ಟೇ ಇರುವುದರಿಂದ ಮೈಮೇಲಿನ ಬಟ್ಟೆಗೆ ಅದು ಬಾರದು. ಆದರೆ ಅದೇ ಕಾರಣದಿಂದ ನೀರಿನಲ್ಲಿ ಬೇಗ ಕೊಳೆಯದೆ, ಹಗ್ಗಕ್ಕೂ ಚಾಪೆಗೂ ಮಣ್ಣು ಕೊಚ್ಚದಂತೆ ಹಾಸುವ ಬಲೆಗೂ ಉತ್ತಮವೆನಿಸಿದೆ. ಬಾಳೆಯ ದಿಂಡಿನ ನಾರು ಇವೆರಡಕ್ಕಿಂತಲೂ ಶ್ರೇಷ್ಠ. ಅದರಲ್ಲಿ ಸೆಲ್ಯುಲೋಸು ನೂರಕ್ಕೆ ಅರವತ್ತರ ಮೇಲಿದ್ದು ನೂಲುವುದಕ್ಕೂ ಬರುತ್ತದೆ. ಆದರೆ ಈ ಸೀಮೆಯಲ್ಲಿ ಬಾಳೆ ನೀರಾವರಿಯಿರುವ ತೋಟಗಳಲ್ಲಿ ಮಾತ್ರ.

ಪಾವಗಡ, ಸಿರಾ, ಮಧುಗಿರಿಗಳ ಕೆಮ್ಮಣ್ಣಿನ ಮುಖ್ಯ ಬೆಳೆಯಾದ ಕಡಲೆಕಾಯಿಯ ಸಿಪ್ಪೆಯು ಕಾಯಿಯ ತೂಕದಲ್ಲಿ ಸುಮಾರು ಕಾಲುಭಾಗ. ಅದರ ಮೂರರಲ್ಲಿ ಒಂದು ಪಾಲು ಲಿಗ್ನಿನ್ನೇ ಆದುದರಿಂದ ಅದನ್ನು ಬಟ್ಟೆಯ ನಾರಾಗಿಸುವುದು ಶ್ರಮಕ್ಕೆ ತಕ್ಕ ಫಲವಲ್ಲ. ಅಲ್ಲದೆ ಆ ಸಿಪ್ಪೆಯೂ ತೊಗರಿ ಕಡ್ಡಿಯೂ ಇಂದು ಇಟ್ಟಿಗೆಯ ಗೂಡುಗಳಲ್ಲಿ, ಬಾಯ್ಲರುಗಳಲ್ಲಿ, ಬಡವರ ಒಲೆಗಳಲ್ಲಿ ಸೌದೆಯಾಗಿ ಉರಿಯುತ್ತಿವೆ. ಅವನ್ನು ಅಲ್ಲಿಂದ ಕಿತ್ತರೆ ಆ ಒಲೆಗೆ ಬೇರೇನನ್ನು ಕೊಡುವಿರೆಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು.

ಈ ಪ್ರಶ್ನೆಗೆ ನೆರೆಯ ತಮಿಳುನಾಡಿನಲ್ಲಿ ಒಂದು ಉತ್ತರ ದೊರೆತಿದೆ. ೧೯೭೯ರಲ್ಲಿ ಸ್ಥಾಪಿತವಾದ ತಮಿಳುನಾಡು ಸರ್ಕಾರದ ಕಾಗದದ ಕಂಪನಿಯು ಕರೂರಿನ ಬಳಿಯ ತನ್ನ ಕಾರ್ಖಾನೆಯನ್ನು ಕಬ್ಬಿನ ಸಿಪ್ಪೆಯ ಮೇಲೆ ನಿಲ್ಲಿಸಿತು. ಕಬ್ಬಿನ ಸಿಪ್ಪೆಯು ಅದುವರೆಗೆ ಸಕ್ಕರೆ ಕಾರ್ಖಾನೆಗಳ ಬಾಯ್ಲರಿಗೆ ಉರುವಲಾಗಿತ್ತು. ಕಂಪನಿಯವರು ಸಿಪ್ಪೆಯನ್ನು ಪಡೆದು, ಅದಕ್ಕೆ ಬದಲಾಗಿ ಸಕ್ಕರೆ ಕಾರ್ಖಾನೆಗಳಿಗೆ ಉಗಿಯನ್ನೋ ಬೇರೆ ಉರುವಲನ್ನೋ ಒದಗಿಸುವ ಒಪ್ಪಂದವನ್ನು ಮಾಡಿಕೊಂಡರು. ಯಾವ ಶೇಷಕ್ಕೂ ಮೊದಲೇ ಒಬ್ಬ ಒಡೆಯನುಂಟು, ಅವನಿಗೆ ಬದಲು ಕೊಡದೆ ಮುಟ್ಟಬಾರದು ಎಂಬ ನ್ಯಾಯವನ್ನು ಆ ಒಪ್ಪಂದ ಕಲಿಸುತ್ತದೆ. ನಮ್ಮ ಭದ್ರಾವತಿಯಲ್ಲಿ ೧೯೩೬ರಲ್ಲಿ ಹುಟ್ಟಿದ ಮೈಸೂರು ಕಾಗದದ ಕಾರ್ಖಾನೆಯೂ ಬಿದಿರಿನೊಡನೆ ಕಬ್ಬಿನ ಸಿಪ್ಪೆಯನ್ನು ಬಳಸಲೆಂದು ತಾನೇ ಸಕ್ಕರೆ ಕಾರ್ಖಾನೆಯೊಂದನ್ನು ಕಟ್ಟಿಕೊಂಡಿತ್ತು. ೨೦೧೫ರಲ್ಲಿ ಅಲ್ಲಿಯ ಉತ್ಪಾದನೆ ನಿಂತುಹೋದುದು ನಾಡಿನ ದುರ್ದೈವ. ಬೆಳೆಯ ಶೇಷದಿಂದ ಸೆಲ್ಯುಲೋಸ್ ತೆಗೆಯುವ ವಿದ್ಯೆ ನಮ್ಮವರಿಗೆ ಹೊಸತಲ್ಲವೆಂಬುದಕ್ಕೆ ಮಾತ್ರ ಅದು ಸಾಕ್ಷಿಯಾಗಿ ಉಳಿದಿದೆ.

ಈಗ ನೀರಿನ ವಿಚಾರ. ಭದ್ರಾವತಿಗೆ ಭದ್ರೆಯುಂಟು, ಕರೂರಿಗೆ ಕಾವೇರಿಯುಂಟು. ಮಧುಗಿರಿ ಸೀಮೆಗೆ ಏನುಂಟು? ಜಯಮಂಗಲಿಯೂ ಉತ್ತರ ಪಿನಾಕಿನಿಯೂ ಮಳೆ ಬಂದಾಗ ಮಾತ್ರ ನದಿಗಳು. ಅಂತರ್ಜಲವನ್ನು ಮಿತಿಮೀರಿ ಎತ್ತಿದ ಪ್ರದೇಶವಿದು. ಪಾವಗಡದಲ್ಲಿ ಕೊಳವೆ ಬಾವಿಯ ನೀರಿನ ಫ್ಲೋರೈಡಿನಿಂದ ಹಲ್ಲು, ಮೂಳೆಗಳು ಕೆಟ್ಟವರ ದುಃಖವನ್ನು ನಾಡೆಲ್ಲ ಬಲ್ಲುದು. ಆ ತಾಲ್ಲೂಕಿಗೆ ಕುಡಿಯುವ ನೀರನ್ನು ದೂರದ ತುಂಗಭದ್ರೆಯ ಹಿನ್ನೀರಿನಿಂದ ಕೊಳವೆಯಲ್ಲಿ ತರಬೇಕಾಗಿ ಬಂದಿದೆ. ಇಂತಹ ನೆಲದಲ್ಲಿ ತಿರುಳು ಬೇಯಿಸುವ ಕಾರ್ಖಾನೆಯನ್ನು ಊಹಿಸುವುದೂ ಕಷ್ಟ. ಹುಲ್ಲು, ಸಿಪ್ಪೆಗಳಿಂದ ಕಾಗದ ಮಾಡುವ ನಮ್ಮ ದೇಶದ ಗಿರಣಿಗಳು ಒಂದು ಟನ್ ಕಾಗದಕ್ಕೆ ನೂರು ಘನ ಮೀಟರಿಗೂ ಮೀರಿ ನೀರನ್ನು ಬಳಸಿದ ಕಾಲವಿತ್ತು. ಅವುಗಳಲ್ಲಿ ಸಣ್ಣವು ಎಷ್ಟೋ, ಬೇಯಿಸಿದ ಕಪ್ಪು ಕ್ಷಾರದ್ರವವನ್ನು ಮತ್ತೆ ಉಪಯೋಗಕ್ಕೆ ತರುವ ಯಂತ್ರವಿಲ್ಲದೆ ಹಳ್ಳಕ್ಕೆ ಬಿಡುತ್ತಿದ್ದವು. ಹುಲ್ಲಿನ ಜಾತಿಯ ವಸ್ತುಗಳಲ್ಲಿ ಸಿಲಿಕಾ ಹೆಚ್ಚಾಗಿರುವುದರಿಂದ ಆ ದ್ರವದಿಂದ ಕ್ಷಾರವನ್ನು ಮರಳಿ ಪಡೆಯುವ ಕೆಲಸ ಮರದ ತಿರುಳಿಗಿಂತ ಕಷ್ಟದ್ದು. ಅದರ ಮೇಲೆ ವಿಸ್ಕೋಸ್ ವಿಧಾನಕ್ಕೆ ಬೇಕಾದ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದ ಆವಿ ಕೂಲಿಗಾರರ ನರಗಳಿಗೆ ವಿಷ. ಲಯೋಸೆಲ್ ಎಂಬ ಹೊಸ ವಿಧಾನದಲ್ಲಿ ಕರಗಿಸುವ ದ್ರವವನ್ನು ನೂರಕ್ಕೆ ತೊಂಬತ್ತೊಂಬತ್ತರ ಮೇಲೆ ಮರಳಿ ಪಡೆಯುತ್ತಾರೆಂಬುದು ಸಂತೋಷದ ಸಂಗತಿಯೇ ಆದರೂ, ಅದಕ್ಕೂ ಮೊದಲು ಶುದ್ಧ ತಿರುಳು ಬೇಕು, ತಿರುಳಿಗೆ ನೀರು ಬೇಕು.

ಮೂಲದ್ರವ್ಯವನ್ನು ಎಲ್ಲಿಂದ ತರುವುದೆಂಬ ವಿಷಯದಲ್ಲಿಯೂ ಕನ್ನಡನಾಡಿಗೆ ಕಹಿಯಾದ ಅನುಭವವಿದೆ. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ೧೯೭೨ರಲ್ಲಿ ಕೃತಕ ರೇಷ್ಮೆಯ ತಿರುಳಿನ ಕಾರ್ಖಾನೆ ಪ್ರಾರಂಭವಾಯಿತು. ಹರಿಹರದ ಪಾಲಿಫೈಬರ್ಸ್ ಎಂದು ಅದು ಪ್ರಸಿದ್ಧ. ಅದಕ್ಕೆ ನೀಲಗಿರಿ ಮರ ಬೇಕಾಯಿತು. ೧೯೮೪ರಲ್ಲಿ ರಾಜ್ಯ ಸರ್ಕಾರವೂ ಆ ಕಾರ್ಖಾನೆಯವರೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಸ್ಥಾಪಿಸಿ, ೩೦,೦೦೦ ಹೆಕ್ಟೇರಿನಷ್ಟು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ನೆಡಲು ಹೊರಟರು. ಕಾಗದದ ಮೇಲೆ ಅದು ಬಂಜರು. ಹಳ್ಳಿಯವರಿಗೆ ಅದು ದನಕರು ಮೇಯುವ, ಸೌದೆ ಆಯುವ ನೆಲ. ೧೯೮೭ರ ನವೆಂಬರ್ ೧೪ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವನ್ನು ನಡೆಸಿದರು. ಡಾಕ್ಟರ್ ಶಿವರಾಮ ಕಾರಂತರೇ ಮೊದಲಾದವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ೧೯೯೧ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ನಮ್ಮ ತುಮಕೂರು ಜಿಲ್ಲೆಯ ರೈತರೂ ೧೯೮೩ರಲ್ಲಿಯೇ ಅರಣ್ಯ ಇಲಾಖೆಯ ನೀಲಗಿರಿ ಸಸಿಗಳನ್ನು ಕಿತ್ತು ತಮ್ಮ ಮನಸ್ಸನ್ನು ತೋರಿಸಿದ್ದರು. ಕಡೆಗೆ ೨೦೧೭ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂದು ಗೋಮಾಳವನ್ನು ‘ಬಂಜರು’ ಎಂದು ಕರೆದಂತೆ ಇಂದು ಮೇವನ್ನು ‘ತ್ಯಾಜ್ಯ’ ಎಂದು ಕರೆದರೆ ಅದೇ ಕಲಹ ಮರುಕಳಿಸುವುದರಲ್ಲಿ ಸಂದೇಹವಿಲ್ಲ.

ಇಷ್ಟನ್ನು ಹೇಳಿದುದರಿಂದ ನಾವು ಕೈಗಾರಿಕೆಗೆ ವಿರೋಧಿಗಳೆಂದು ಯಾರೂ ಭಾವಿಸಬಾರದು. ಬರಿಯ ಖುಷ್ಕಿಯಿಂದ ಈ ನಾಲ್ಕು ತಾಲ್ಲೂಕುಗಳ ಜನ ಬದುಕಲಾರರು. ಬೆಂಗಳೂರಿಗೆ ಗುಳೆ ಹೋಗುವ ಸಂಸಾರಗಳೇ ಅದಕ್ಕೆ ಪ್ರಮಾಣ. ನಾವು ಹೇಳುವುದಿಷ್ಟೆ: ಈ ಸೀಮೆಯಲ್ಲಿ ನೀರಿಲ್ಲ, ಆದರೆ ಬಿಸಿಲುಂಟು, ವಿದ್ಯುತ್ತುಂಟು, ಕೆಲಸವನ್ನು ಬೇಡುವ ಕೈಗಳುಂಟು. ಪಾವಗಡದ ಸೌರಶಕ್ತಿಯ ಉದ್ಯಾನವು ಸುಮಾರು ೧೩,೦೦೦ ಎಕರೆಗಳಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದಿಂದ ನಿಂತಿದೆ. ಆ ವಿದ್ಯುತ್ತು ಊರ ಮೇಲಿನ ತಂತಿಯಲ್ಲಿ ಹಾದು ದೂರದ ಕಾರ್ಖಾನೆಗಳನ್ನು ನಡೆಸುತ್ತಿರುವಾಗ, ಅದರ ಒಂದಂಶದಿಂದ ಇಲ್ಲಿಯೇ ಮಟ್ಟೆ ಬಡಿಯುವ, ಸಿಪ್ಪೆ ಬಿಡಿಸುವ, ನಾರು ಬಾಚುವ ಯಂತ್ರಗಳು ತಿರುಗಲೇಕೆ ಬಾರದು?

ಮೊದಲನೆಯ ದಾರಿ, ಎಂದರೆ ಯಂತ್ರದಿಂದ ನಾರನ್ನು ಬಿಡಿಸುವ ದಾರಿ, ಈ ಸೀಮೆಗೆ ಹೇಳಿಮಾಡಿಸಿದುದು. ಕೇರಳದ ಹಿನ್ನೀರಿನಲ್ಲಿ ಮಟ್ಟೆಯನ್ನು ತಿಂಗಳುಗಟ್ಟಲೆ ನೆನೆಹಾಕುವ ಹಳೆಯ ಪದ್ಧತಿ ಇಲ್ಲಿ ಸಾಧ್ಯವಿಲ್ಲ. ಆದರೆ ಯಂತ್ರದಿಂದ ಮಟ್ಟೆಯನ್ನು ಬಡಿಯುವುದಕ್ಕೆ ಅಷ್ಟು ನೀರು ಬೇಡ. ೧೯೫೩ರ ಕಾನೂನಿನಿಂದ ಹುಟ್ಟಿದ ತೆಂಗಿನ ನಾರಿನ ಮಂಡಲಿಯು ಈ ಯಂತ್ರಗಳಲ್ಲಿಯೂ, ಮಟ್ಟೆಯ ಪುಡಿಯನ್ನು ಅಣಬೆಯ ಜಾತಿಯ ಶಿಲೀಂಧ್ರದಿಂದ ಗೊಬ್ಬರವಾಗಿಸುವುದರಲ್ಲಿಯೂ ಅನುಭವವುಳ್ಳದ್ದು. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾಲಯವು ಅಡಕೆ ತೋಟದ ಶೇಷವನ್ನು ಎರೆಹುಳುವಿನಿಂದ ಗೊಬ್ಬರ ಮಾಡುವ, ಅದರ ಮೇಲೆ ಅಣಬೆ ಬೆಳೆಯುವ ಕ್ರಮಗಳನ್ನು ರೂಪಿಸಿದೆ. ನಾರು ಪೇಟೆಗೆ, ಪುಡಿ ಮಣ್ಣಿಗೆ ಎಂದು ವಿಭಾಗಿಸಿದರೆ ಸಾವಯವಾಂಶ ಕಡಿಮೆಯಿರುವ ನಮ್ಮ ಕೆಮ್ಮಣ್ಣೂ ಬದುಕಿಕೊಳ್ಳುತ್ತದೆ. ಶೇಷವೆಲ್ಲವೂ ಊರನ್ನು ಬಿಟ್ಟು ಹೋದರೆ ಮಣ್ಣು ಸಾಲಗಾರನಾಗುತ್ತದೆಂಬುದನ್ನು ರೈತನು ಚೆನ್ನಾಗಿ ಬಲ್ಲನು. ೧೯೩೪ರಲ್ಲಿ ಮಹಾತ್ಮರು ಸ್ಥಾಪಿಸಿ ಜೆ. ಸಿ. ಕುಮಾರಪ್ಪನವರು ನಡೆಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಕಾಗದವನ್ನು ತನ್ನ ಕಸುಬುಗಳಲ್ಲಿ ಒಂದನ್ನಾಗಿ ಎಣಿಸಿದ್ದೂ ಊರಿನ ವಸ್ತುವಿಗೆ ಊರಿನಲ್ಲಿಯೇ ಬೆಲೆ ಕಟ್ಟಬೇಕೆಂಬ ತತ್ತ್ವದಿಂದಲೇ.

ಇನ್ನು ಬಟ್ಟೆಗೆ ಬೇಕಾದ ಶುದ್ಧ ತಿರುಳಿನ ಮಾತು. ಅದನ್ನು ಮಾಡುವ ಬಂಡವಾಳಗಾರರು ಬಂದರೆ, ನದಿಯೂ ಕ್ಷಾರವನ್ನು ಮರಳಿ ಪಡೆಯುವ ಯಂತ್ರವೂ ಇರುವೆಡೆಯಲ್ಲಿ ಕಾರ್ಖಾನೆಯನ್ನು ಕಟ್ಟಲಿ. ಈ ತಾಲ್ಲೂಕುಗಳಲ್ಲಿ ಸಿಪ್ಪೆಯನ್ನು ಒಣಗಿಸಿ, ಬೇರ್ಪಡಿಸಿ, ಹಿಂಡಿ ಹೊರೆಕಟ್ಟುವ ಕೆಲಸ ನಡೆಯಲಿ. ಹಗುರವಾದ ಸಿಪ್ಪೆಯನ್ನು ಹಾಗೆಯೇ ಲಾರಿಗೆ ತುಂಬಿದರೆ ಬಾಡಿಗೆಯಲ್ಲಿಯೇ ಬೆಲೆಯೆಲ್ಲ ಕರಗುವುದು; ಆದುದರಿಂದ ಊರಿನಲ್ಲಿಯೇ ಮೊದಲ ಕೆಲಸವಾಗುವುದು ಕೊಳ್ಳುವವನಿಗೂ ಲಾಭ. ಹೀಗೆ ಮಾಡಿದಲ್ಲಿ ಕೂಲಿ ಇಲ್ಲಿ ಉಳಿಯುತ್ತದೆ, ನೀರು ಇಲ್ಲಿಂದ ಹೋಗುವುದಿಲ್ಲ.

ಬೆಲೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಇಂದು ಯಾರೂ ಮುಟ್ಟದ ವಸ್ತುವಿಗೆ ನಾಳೆ ಬೆಲೆ ಬಂದಾಗ ಅದು ಯಾರ ಕೈಸೇರುವುದು? ಪಾವಗಡದ ಸೌರ ಉದ್ಯಾನವು ಇದಕ್ಕೆ ಪಾಠ. ಅಲ್ಲಿ ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಿಂದ ಪ್ರಾರಂಭಿಸಿ ಕಾಲಕಾಲಕ್ಕೆ ಏರಿಸುವ ಕರಾರು ಮಾಡಿದರು. ಭೂಮಿಯ ಒಡೆತನ ರೈತನಲ್ಲಿಯೇ ಉಳಿದದ್ದು ಮೆಚ್ಚತಕ್ಕ ಸಂಗತಿ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವನಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಗುತ್ತಿಗೆಯ ಹಣದಲ್ಲಿ ಪಾಲಿರಲಿಲ್ಲ. ನಾರಿನ ಕೈಗಾರಿಕೆಯಲ್ಲಿ ಈ ಲೋಪಕ್ಕೆ ಅವಕಾಶವಾಗಬಾರದು. ಸಿಪ್ಪೆಯು ತೋಟದವನದು, ನಿಜ. ಆದರೆ ಅದನ್ನು ಆಯ್ದು, ಒಣಗಿಸಿ, ಬಿಡಿಸುವ ಕೆಲಸವು ಭೂಮಿಯಿಲ್ಲದ ಹೆಂಗಸರ ಸಹಕಾರ ಸಂಘಗಳ ಕೈಯಲ್ಲಿರುವುದು ನ್ಯಾಯ.

ಸಣ್ಣ ಕೈಗಾರಿಕೆಗಳು ಹುಟ್ಟಿದಷ್ಟೇ ಬೇಗ ಸಾಯುತ್ತವೆ, ನಾರಿನ ಪೇಟೆ ಏರಿಳಿತದ್ದು ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಅದು ಸುಳ್ಳಲ್ಲ. ಯಂತ್ರಕ್ಕೆ ಸಹಾಯಧನ ಕೊಟ್ಟು, ಫೋಟೋ ತೆಗೆಸಿಕೊಂಡು, ಸರಕನ್ನು ಕೊಳ್ಳುವವರಿಲ್ಲದೆ ಯಂತ್ರ ತುಕ್ಕು ಹಿಡಿಯುವುದನ್ನು ನೋಡಿ ನಾಡು ಬೇಸತ್ತಿದೆ. ಆದರೆ ಸರ್ಕಾರವು ತಾನೇ ದೊಡ್ಡ ಗಿರಾಕಿಯೆಂಬುದನ್ನು ಮರೆಯಬಾರದು. ಕೆರೆಯ ಏರಿ, ರಸ್ತೆಯ ಇಳಿಜಾರು, ಕಾಲುವೆಯ ದಡಗಳಿಗೆ ಹಾಸಲು ನಾರಿನ ಬಲೆಯನ್ನೂ, ಕಚೇರಿ ಶಾಲೆಗಳಿಗೆ ಚಾಪೆ ಮೆತ್ತೆಗಳನ್ನೂ ಲೋಕೋಪಯೋಗಿ, ನೀರಾವರಿ, ವಿದ್ಯಾ ಇಲಾಖೆಗಳು ಈ ಸಂಘಗಳಿಂದಲೇ ಮೊದಲ ಐದು ವರ್ಷ ಕೊಂಡರೆ ಕೈಗಾರಿಕೆಗೆ ನೆಲೆ ಸಿಕ್ಕುತ್ತದೆ. ಆಮೇಲೆ ಅದು ತನ್ನ ಕಾಲಮೇಲೆ ತಾನು ನಿಲ್ಲಲಿ.

ಅಧಿಕಾರಿಗಳಿಂದಲೂ ಜನಪ್ರತಿನಿಧಿಗಳಿಂದಲೂ ನಾವು ನಿರೀಕ್ಷಿಸುವುದು ನಾಲ್ಕು ಕೆಲಸಗಳನ್ನು. ಮೊದಲು, ಜಿಲ್ಲಾ ಪಂಚಾಯಿತಿಯು ಕೃಷಿ, ತೋಟಗಾರಿಕೆ, ಪಶುಪಾಲನೆಯ ಇಲಾಖೆಗಳನ್ನು ಒಟ್ಟಿಗೆ ಕೂರಿಸಿ ಹೋಬಳಿವಾರು ಶೇಷದ ಲೆಕ್ಕವನ್ನು ತೆಗೆದು, ಮೇವಾಗಿ, ಸೌದೆಯಾಗಿ, ಗೊಬ್ಬರವಾಗಿ ಹೋಗುವುದನ್ನು ಕಳೆದು, ಉಳಿದುದನ್ನು ಮಾತ್ರ ಕೈಗಾರಿಕೆಗೆ ದೊರೆಯುವುದೆಂದು ಪ್ರಕಟಿಸಬೇಕು. ಎರಡನೆಯದಾಗಿ, ಯಾವ ಕಾರ್ಖಾನೆಗೆ ಅನುಮತಿ ಕೊಟ್ಟರೂ ಮೇವಿನ ವಸ್ತುಗಳನ್ನು ಕೊಳ್ಳಕೂಡದೆಂದು ಕರಾರಿನಲ್ಲಿ ಬರೆಯಿಸಬೇಕು. ಬರದ ವರ್ಷದಲ್ಲಿ ಆ ಷರತ್ತನ್ನು ಸಡಿಲಿಸುವ ಅಧಿಕಾರ ಯಾರಿಗೂ ಇರಬಾರದು. ಮೂರನೆಯದಾಗಿ, ಈ ನಾಲ್ಕು ತಾಲ್ಲೂಕುಗಳ ಅಂತರ್ಜಲದಿಂದ ತಿರುಳು ಬೇಯಿಸಲು ಒಂದು ಕೊಳವೆ ಬಾವಿಗೂ ಅಪ್ಪಣೆಯಾಗಬಾರದು. ನಾಲ್ಕನೆಯದಾಗಿ, ಕೊಳ್ಳುವ ಬೆಲೆಯನ್ನು ವರ್ಷಾರಂಭದಲ್ಲಿಯೇ ಪಂಚಾಯಿತಿಯ ಬಾಗಿಲಿಗೆ ಅಂಟಿಸಬೇಕು.

ಮಧುಗಿರಿ ಸೀಮೆಯ ರೈತನು ಬರಗಾಲವನ್ನು ಎದುರಿಸಿ ಬದುಕಿದುದು ಯಾವ ವಸ್ತುವನ್ನೂ ಕಸವೆಂದು ಎಸೆಯದೆ ಇದ್ದುದರಿಂದ. ಅವನು ನಿಜವಾಗಿ ಎಸೆಯುತ್ತಿರುವುದು ಅಡಕೆಯ ಸಿಪ್ಪೆ, ತೆಂಗಿನ ಮಟ್ಟೆಗಳಂತಹ ಕೆಲವನ್ನು ಮಾತ್ರ. ಅವಕ್ಕೆ ಬೆಲೆ ಕಟ್ಟುವ ಕೈಗಾರಿಕೆಯು ನಾಳೆ ಬಂದರೂ ಸ್ವಾಗತವೇ. ಅವನ ಹಿತ್ತಿಲಿನ ಮೆದೆಯ ಮೇಲೆ ಕಣ್ಣಿಟ್ಟು ಬರುವ ಕೈಗಾರಿಕೆಯನ್ನು ಮಾತ್ರ, ಅದರ ಹೆಸರು ಎಷ್ಟೇ ಸುಂದರವಾಗಿರಲಿ, ತಾಲ್ಲೂಕಿನ ಗಡಿಯಲ್ಲಿಯೇ ತಡೆಯುವುದು ಅಧಿಕಾರಿಗಳ ಕರ್ತವ್ಯ. ಲೆಕ್ಕ ಮೊದಲಾಗಲಿ, ಅನುಮತಿ ಆಮೇಲಾಗಲಿ.